ಜಿ. ಆರ್. ವಿಶ್ವನಾಥ್ ಅವರನ್ನು ಆಯ್ಕೆಗಾರರಾಗಿ ಹೇಗೆ ಅಳೆಯಬೇಕು?

ಪ್ರಶ್ನೆ: ಹಳೇನಗರದ ಮೇಷ್ಟ್ರು, ಭದ್ರಾವತಿ

ಎಲ್ಲರಿಗೂ ನಮಸ್ಕಾರ. ನಾನು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ನಮ್ಮ ಶಾಲೆಯ ಗೋಡೆಪತ್ರಿಕೆಯ ಮುಂದಿನ ಸಂಚಿಕೆಯನ್ನು ಇದೇ ಊರಿನಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರಿಗೆ ಮೀಸಲಿಡಬೇಕೆಂದು ಮಕ್ಕಳೇ ತೀರ್ಮಾನಿಸಿದ್ದಾರೆ. ಅವರು ಆಟ ಕಲಿತದ್ದು, ಬೆಳೆದದ್ದು ಬೆಂಗಳೂರಿನಲ್ಲಾದರೂ ಹುಟ್ಟಿದ್ದು ನಮ್ಮಲ್ಲಿ ಎಂಬ ಅಭಿಮಾನ ಈ ಊರಿನಲ್ಲಿ ಇಂದಿಗೂ ಕಡಿಮೆಯಾಗಿಲ್ಲ.

ಆಟಗಾರರಾಗಿ ಅವರ ಬಗ್ಗೆ ಬರೆಯಲು ತೊಂದರೆಯಿಲ್ಲ. 91 ಟೆಸ್ಟ್, 6,080 ರನ್, 14 ಶತಕ, ಗರಿಷ್ಠ 222 ಎಂಬ ಅಂಕಿಗಳು ಮಕ್ಕಳಿಗೆ ಆಗಲೇ ಬಾಯಿಪಾಠವಾಗಿವೆ. ಆದರೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದರಂತೆ, ಆ ಕೆಲಸವನ್ನು ಚೆನ್ನಾಗಿ ಮಾಡಿದರೇ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಬ್ಯಾಟ್ಸ್‌ಮನ್‌ನ ಕೆಲಸಕ್ಕೆ ಸ್ಕೋರ್‌ಕಾರ್ಡ್ ಇದೆ. ಆಯ್ಕೆಗಾರರ ಕೆಲಸಕ್ಕೆ ಅಂಥ ಲೆಕ್ಕಪುಸ್ತಕ ಯಾವುದು?

ಇದರಲ್ಲಿ ನನ್ನ ಸ್ವಂತದ ಕಾರಣವೂ ಒಂದಿದೆ. ಈ ವರ್ಷ ನಮ್ಮ ಭಾಗದ ಹದಿನಾಲ್ಕು ವರ್ಷದೊಳಗಿನ ಹುಡುಗರ ತಂಡವನ್ನು ಆರಿಸುವ ಮೂವರಲ್ಲಿ ನನ್ನನ್ನೂ ಸೇರಿಸಿದ್ದಾರೆ. ಸುಮಾರು ಎಪ್ಪತ್ತು ಹುಡುಗರು ಬರಬಹುದು, ಹದಿನೈದು ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳುಹಿಸಬೇಕು. ಕಳೆದ ವಾರದಿಂದ ಇದೇ ಯೋಚನೆಯಲ್ಲಿದ್ದೇನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ತುಂಗಾತೀರ, ತೀರ್ಥಹಳ್ಳಿ

ಮೇಷ್ಟ್ರಿಗೆ ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಿಶ್ವನಾಥ್ ಅವರ ಆಟವನ್ನು ರೇಡಿಯೋದಲ್ಲಿ ಕೇಳುತ್ತಲೇ ಬೆಳೆದವನು. ಅವರ ಆಯ್ಕೆಗಾರಿಕೆಯ ಬಗ್ಗೆ ಬರೆಯುವ ಮೊದಲು, ಅವರನ್ನೇ ಬೇರೆಯವರು ಹೇಗೆ ಆರಿಸಿದರು ಎಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ಹೇಳಿ. ನನ್ನ ಮಟ್ಟಿಗೆ ಉತ್ತರದ ಅರ್ಧ ಭಾಗ ಅಲ್ಲೇ ಇದೆ.

1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರು ರಾಜ್ಯದ ಪರವಾಗಿ ಮೊದಲ ರಣಜಿ ಪಂದ್ಯವಾಡಿದ ಹದಿನೆಂಟರ ಈ ಹುಡುಗ 230 ರನ್ ಹೊಡೆದರು. ಅದಾದ ಎರಡು ವರ್ಷಕ್ಕೆ, 1969ರ ನವೆಂಬರ್‌ನಲ್ಲಿ, ಆಸ್ಟ್ರೇಲಿಯಾ ವಿರುದ್ಧ ಕಾನ್ಪುರದಲ್ಲಿ ಟೆಸ್ಟ್ ಟೋಪಿ ಸಿಕ್ಕಿತು. ವಿಜಯ್ ಮರ್ಚೆಂಟ್ ಅವರು ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ಎಳೆಯರನ್ನು ತಂಡಕ್ಕೆ ತರಲೇಬೇಕೆಂದು ಹಟ ಹಿಡಿದಿದ್ದ ಕಾಲವದು. ಮೊದಲ ಇನಿಂಗ್ಸ್‌ನಲ್ಲಿ ವಿಶ್ವನಾಥ್ ಸೊನ್ನೆಗೆ ಔಟಾದರು. ನಾಯಕ ಪಟೌಡಿ ಅವರು ಹುಡುಗನ ಬಳಿ ಬಂದು ಧೈರ್ಯ ಹೇಳಿದರು, ಎರಡನೇ ಇನಿಂಗ್ಸ್‌ನಲ್ಲಿ ಶತಕ ಬಂದೇ ಬರುತ್ತದೆ ಎಂದರು ಎಂಬುದನ್ನು ವಿಶ್ವನಾಥ್ ಅವರೇ ಹಲವು ಕಡೆ ನೆನೆದಿದ್ದಾರೆ. ಎರಡನೇ ಇನಿಂಗ್ಸ್‌ನಲ್ಲಿ ಬಂದದ್ದು 137. ಚೊಚ್ಚಲ ಟೆಸ್ಟಿನಲ್ಲಿ ಶತಕ ಹೊಡೆದ ಭಾರತೀಯರು ಮತ್ತೆ ಟೆಸ್ಟ್ ಶತಕ ಕಾಣುವುದಿಲ್ಲ ಎಂಬ ಮಾತು ಆಗ ಬಲವಾಗಿತ್ತು, ಏಕೆಂದರೆ ಲಾಲಾ ಅಮರನಾಥ್ ಅವರಿಂದ ಹನುಮಂತ್ ಸಿಂಗ್ ಅವರವರೆಗೆ ಎಲ್ಲರಿಗೂ ಹಾಗೆಯೇ ಆಗಿತ್ತು. ಆ ಮಾತನ್ನು ಮುರಿದವರೂ ಇವರೇ.

ಇನ್ನು 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಡೆದ ಪಂದ್ಯ. ನಮ್ಮ ಮನೆಯಲ್ಲಿ ಆಗ ಅಡಿಕೆ ಕೊಯ್ಲು ನಡೆದಿತ್ತು. ಅಂಗಳದಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಎಂಟು ಹತ್ತು ಜನ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು, ಜಗುಲಿಯ ಕಿಟಕಿಯ ಮೇಲೆ ಚಿಕ್ಕಪ್ಪನ ರೇಡಿಯೋ ಇತ್ತು. ಆಂಡಿ ರಾಬರ್ಟ್ಸ್ ಒಬ್ಬೊಬ್ಬರನ್ನೇ ಉರುಳಿಸುತ್ತಾ ಹೋದಂತೆ ಚಿಕ್ಕಪ್ಪ ಸುಲಿಯುವುದನ್ನು ನಿಲ್ಲಿಸಿ ಬುಟ್ಟಿಯ ಅಂಚನ್ನು ಹಿಡಿದು ಕುಳಿತುಬಿಟ್ಟರು. ಆ ಇನಿಂಗ್ಸ್‌ನಲ್ಲಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಪಡೆದರು, ಭಾರತ 190ಕ್ಕೆ ಮುಗಿಯಿತು, ಅದರಲ್ಲಿ ವಿಶ್ವನಾಥ್ ಅವರದು ಅಜೇಯ 97. ಇನ್ನೊಂದು ತುದಿಯಲ್ಲಿ ಕೊನೆಯ ವಿಕೆಟ್ ಬಿದ್ದು ಶತಕ ತಪ್ಪಿದಾಗ, ಕ್ರಿಕೆಟ್ಟಿನ ಗಂಧವಿಲ್ಲದ ನಮ್ಮ ಅಜ್ಜಿ ಕೂಡ "ಅಯ್ಯೋ ಪಾಪ, ಮೂರೇ ಬಾಕಿ ಇತ್ತಾ" ಎಂದರು. ವೆಸ್ಟ್ ಇಂಡೀಸ್ ಎರಡೇ ರನ್ನಿನ ಮುನ್ನಡೆ ಪಡೆಯಿತು. ಕೊನೆಗೆ ಭಾರತ 100 ರನ್ನಿನಿಂದ ಗೆದ್ದಿತು. ಅದಕ್ಕೂ ಮೊದಲಿನ ಕಲ್ಕತ್ತಾ ಟೆಸ್ಟಿನಲ್ಲಿ ಅವರು ಹೊಡೆದ 139 ಕೂಡ ಗೆಲುವು ತಂದುಕೊಟ್ಟಿತ್ತು. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ ಎಂಬುದನ್ನು ಗೋಡೆಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಕೊನೆಯದನ್ನೂ ಮರೆಯಬಾರದು. 1982-83ರ ಪಾಕಿಸ್ತಾನ ಪ್ರವಾಸದಲ್ಲಿ ರನ್ ಬರಲಿಲ್ಲ. ಕರಾಚಿಯ ಟೆಸ್ಟೇ ಕೊನೆಯದಾಯಿತು, ಮುಂದಿನ ವೆಸ್ಟ್ ಇಂಡೀಸ್ ಪ್ರವಾಸದ ಪಟ್ಟಿಯಲ್ಲಿ ಹೆಸರಿರಲಿಲ್ಲ. ಅದಕ್ಕೂ ಮೊದಲು ಸತತ 87 ಟೆಸ್ಟ್ ಆಡಿದ್ದವರು ಅವರು. ಸೊನ್ನೆ ಹೊಡೆದ ಮೇಲೂ ನಂಬಿದವರನ್ನೂ, ಹನ್ನೆರಡು ವರ್ಷ ತಂಡ ಬಿಡದೆ ಆಡಿದ ಮೇಲೆ ಹೆಸರು ಬಿಟ್ಟವರನ್ನೂ ಕಂಡವರು ಮುಂದೆ ಆ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತರು. ಆಯ್ಕೆಯ ಈ ಎರಡೂ ಮುಖಗಳನ್ನು ಅಷ್ಟು ಹತ್ತಿರದಿಂದ ಕಂಡ ಆಟಗಾರರು ನಮ್ಮಲ್ಲಿ ಹೆಚ್ಚಿಲ್ಲ.

ಉತ್ತರ: ನವುಲೆ, ಶಿವಮೊಗ್ಗ

ಮೇಲಿನ ಹಿರಿಯರು ಆಟದ ಬಗ್ಗೆ ಬರೆದಿದ್ದಾರೆ. ನಾನು ಆಯ್ಕೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಬರೆಯುತ್ತೇನೆ, ಏಕೆಂದರೆ ಅದು ತಿಳಿಯದೆ ಯಾವ ಆಯ್ಕೆಗಾರರನ್ನೂ ನ್ಯಾಯವಾಗಿ ಅಳೆಯಲು ಬರುವುದಿಲ್ಲ. ಕೆಲವು ವರ್ಷ ಕಿರಿಯರ ತಂಡಗಳ ಆಯ್ಕೆಯಲ್ಲಿ ಕುಳಿತ ಅನುಭವ ನನಗಿದೆ.

ವಿಶ್ವನಾಥ್ ಅವರ ಕಾಲದಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯಲ್ಲಿ ಐದು ಜನರಿರುತ್ತಿದ್ದರು: ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಮತ್ತು ಮಧ್ಯ ವಲಯಗಳಿಂದ ಒಬ್ಬೊಬ್ಬರು. ಸಭೆಯನ್ನು ಕರೆಯುತ್ತಿದ್ದವರು ಭಾರತೀಯ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿ. ನಾಯಕ ಬಂದು ತನಗೆ ಬೇಕಾದವರ ಬಗ್ಗೆ ವಾದಿಸಬಹುದು, ಆದರೆ ಅವನಿಗೆ ಮತವಿಲ್ಲ. ಐವರಲ್ಲಿ ಅಧ್ಯಕ್ಷರೂ ಒಬ್ಬರು. ಒಬ್ಬರು ಬಾರದೆ ಮತಗಳು ಸಮವಾಗಿ ಒಡೆದಾಗ ಮಾತ್ರ ಅವರ ಕೈಗೆ ಹೆಚ್ಚಿನ ಬಲ ಬರುತ್ತದೆ. ಪಟೌಡಿ ಅವರ ಬದಲು ಅಜಿತ್ ವಾಡೇಕರ್ 1971ರಲ್ಲಿ ನಾಯಕರಾದದ್ದು ಮರ್ಚೆಂಟ್ ಅವರ ಅಂಥ ನಿರ್ಣಾಯಕ ಮತದಿಂದಲೇ. ಆದ್ದರಿಂದ "ವಿಶ್ವನಾಥ್ ಇವನನ್ನು ಆರಿಸಿದರು, ಅವನನ್ನು ಬಿಟ್ಟರು" ಎಂದು ಬರೆಯುವುದು ಸರಿಯಲ್ಲ. ಹೊರಗೆ ಬರುವುದು ಐವರ ಒಟ್ಟು ಪಟ್ಟಿ, ಒಳಗೆ ಯಾರು ಯಾರ ಪರವಾಗಿ ಎಷ್ಟು ಹೊತ್ತು ವಾದಿಸಿದರು ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ವಲಯಕ್ಕೊಬ್ಬರು ಎಂಬ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಟೀವಿಯಲ್ಲಿ ದೇಶೀಯ ಪಂದ್ಯಗಳು ಬಾರದ ಕಾಲದಲ್ಲಿ ಅಸ್ಸಾಮಿನ ಹುಡುಗನ ಆಟವನ್ನು ಬೆಂಗಳೂರಿನವರು ನೋಡುವುದು ಹೇಗೆ? ಆ ಭಾಗದ ಮೈದಾನಗಳಲ್ಲಿ ಓಡಾಡುವ ಒಬ್ಬರು ಸಮಿತಿಯಲ್ಲಿ ಬೇಕಾಗಿತ್ತು. ಆದರೆ ಅದೇ ಕಾರಣಕ್ಕೆ ಒಬ್ಬೊಬ್ಬರೂ ತಮ್ಮ ವಲಯದ ವಕೀಲರಾಗಿಬಿಡುವ ಅಪಾಯವೂ ಇತ್ತು. ಮುಂದೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿಯ ಶಿಫಾರಸಿನಂತೆ 2017ರಲ್ಲಿ ಸಮಿತಿ ಮೂವರಿಗೆ ಇಳಿಯಿತು, ಅದು ಉಳಿಯದೆ ಮತ್ತೆ ಐವರಾದರು.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ, ಮೇಷ್ಟ್ರಿಗೆ ಉಪಯೋಗಕ್ಕೆ ಬರಬಹುದು. ಒಂದು ವರ್ಷ ಟ್ರಯಲ್ಸ್ ಇಟ್ಟ ದಿನ ಆಗುಂಬೆ ಕಡೆಯಿಂದ ಒಬ್ಬ ಹುಡುಗ ಬಂದ. ಬೆಳಗಿನ ಮೊದಲ ಬಸ್ಸು ತಡವಾಗಿ, ಅವನು ಮೈದಾನಕ್ಕೆ ಬರುವಾಗ ಅವನ ಸರದಿ ದಾಟಿಹೋಗಿತ್ತು. ಕೊನೆಗೆ ಆರು ಚೆಂಡು ಕೊಟ್ಟೆವು. ಮಳೆ ಬಂದು ನಿಂತು ಪಿಚ್ಚಿನ ಮೇಲೆ ಹಾಸಿದ್ದ ಮ್ಯಾಟಿನ ಅಂಚು ಮುದುಡಿಕೊಂಡಿತ್ತು. ಎರಡು ಚೆಂಡು ಅಂಚಿಗೆ ಬಿದ್ದು ಎಲ್ಲೆಲ್ಲೋ ಎದ್ದವು, ಮೂರನೆಯದಕ್ಕೆ ಬೌಲ್ಡ್ ಆದ, ಉಳಿದ ಮೂರನ್ನು ಸುಮ್ಮನೆ ತಡೆದ. ಆ ತಡೆಯುವಾಗ ಅವನ ತಲೆ ಸ್ವಲ್ಪವೂ ಅಲುಗಾಡಲಿಲ್ಲ, ಬ್ಯಾಟು ಮೈಗೆ ಅಂಟಿಕೊಂಡೇ ಬಂತು, ಚೆಂಡು ಕಾಲಬುಡದಲ್ಲೇ ಸತ್ತು ಬಿತ್ತು. ನಾನು ಅದನ್ನು ಕಂಡೆ. ಕಂಡೂ ನನ್ನ ಹಾಳೆಯಲ್ಲಿ "ಬೌಲ್ಡ್" ಎಂದಷ್ಟೇ ಬರೆದುಕೊಂಡೆ, ಸಂಜೆ ಮೂವರೂ ಕುಳಿತಾಗ ಆ ಹಾಳೆಯನ್ನಷ್ಟೇ ಓದಿದೆ. ಆ ಹುಡುಗ ಮುಂದಿನ ವರ್ಷ ಬರಲೇ ಇಲ್ಲ. ಅವನು ದೊಡ್ಡ ಆಟಗಾರನಾಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಅವನ ಪರವಾಗಿ ಒಂದು ಮಾತು ಆಡುವ ಕೆಲಸ ನನ್ನದಾಗಿತ್ತು, ಅದನ್ನು ನಾನು ಮಾಡಲಿಲ್ಲ. ಹನ್ನೊಂದು ವರ್ಷವಾಯಿತು, ಆ ಮೂರು ಚೆಂಡುಗಳು ಇಂದಿಗೂ ನನ್ನ ಕಣ್ಣ ಮುಂದಿವೆ.

ಹಳೇನಗರದ ಮೇಷ್ಟ್ರು, ಭದ್ರಾವತಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನವುಲೆಯವರ ಅನುಭವವನ್ನು ಓದಿದ ಮೇಲೆ ನನ್ನ ಹೆದರಿಕೆ ಹೆಚ್ಚೇ ಆಗಿದೆ, ಆದರೂ ಬರೆದದ್ದು ಒಳ್ಳೆಯದಾಯಿತು.

ಒಂದು ವಿಷಯ ಸ್ಪಷ್ಟವಾಗಬೇಕು. 1996ರಲ್ಲಿ ರಾಹುಲ್ ದ್ರಾವಿಡ್ ಮತ್ತು ಸೌರವ್ ಗಂಗೂಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿದ್ದು ವಿಶ್ವನಾಥ್ ಅವರ ಸಮಿತಿ ಎಂದು ಕೆಲವರು ಹೇಳುತ್ತಾರೆ. ಗಂಗೂಲಿ ಪೂರ್ವ ವಲಯದ ಪಾಲಿನಲ್ಲಿ ಬಂದವರು, ಅದರಲ್ಲಿ ಅಧ್ಯಕ್ಷರ ಹೆಚ್ಚುಗಾರಿಕೆ ಏನೂ ಇಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಯಾವುದನ್ನು ಬರೆಯಲಿ?

ಉತ್ತರ: ವರದಾ, ಸಾಗರ

ಸರ್, ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು, ಕ್ರಿಕೆಟ್ ದಾಖಲೆಗಳನ್ನು ಓದುವುದು ನನಗೆ ಬಹಳ ವರ್ಷಗಳ ಅಭ್ಯಾಸ. ನಮ್ಮ ಊರಿನಲ್ಲಿ ಹುಟ್ಟಿದ ಭರತ್ ಚಿಪ್ಲಿ ಕರ್ನಾಟಕಕ್ಕೂ ಮುಂದೆ ಐಪಿಎಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ತಂಡಕ್ಕೂ ಆಡಿದ ದಿನಗಳಿಂದ, ಮಲೆನಾಡಿನ ಹುಡುಗ ಆಯ್ಕೆಗಾರರ ಕಣ್ಣಿಗೆ ಬೀಳುವುದು ಹೇಗೆ ಎಂಬ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ.

1996ರ ಇಂಗ್ಲೆಂಡ್ ಪ್ರವಾಸದ ತಂಡವನ್ನು ಆರಿಸಿದಾಗ ವಿಶ್ವನಾಥ್ ಅಧ್ಯಕ್ಷರಾಗಿದ್ದರು ಎಂಬುದು ಖಚಿತ. ಗಂಗೂಲಿ ಅವರ ಪರವಾಗಿ ಬಲವಾಗಿ ನಿಂತವರು ಪೂರ್ವ ವಲಯದ ಆಯ್ಕೆಗಾರ ಸಂಬರಣ್ ಬ್ಯಾನರ್ಜಿ ಎಂಬುದೂ ನಿಜ. ಆಗ ಗಂಗೂಲಿ ಅವರ ಹೆಸರಿನ ಮುಂದೆ ಇದ್ದದ್ದು 1992ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಆಡಿದ ಒಂದೇ ಒಂದು ಏಕದಿನ ಪಂದ್ಯ, ಅದರಲ್ಲಿ ಮೂರು ರನ್. ನಾಲ್ಕು ವರ್ಷ ಹೊರಗಿದ್ದವರನ್ನು ಮತ್ತೆ ಕರೆದಾಗ "ವಲಯದ ಪಾಲು" ಎಂಬ ಟೀಕೆ ಬಂದದ್ದು ಆ ಪದ್ಧತಿಯಲ್ಲಿ ಸಹಜವೇ ಆಗಿತ್ತು. ಆದರೆ ಒಬ್ಬ ಸದಸ್ಯ ವಾದಿಸಿದರೆ ಸಾಲದು, ಸಮಿತಿ ಒಪ್ಪಬೇಕು. ವಾದಿಸಿದವರ ಹೆಸರನ್ನೂ ಬರೆಯಿರಿ, ಆ ವಾದಕ್ಕೆ ಕಿವಿಗೊಟ್ಟ ಅಧ್ಯಕ್ಷರ ಹೆಸರನ್ನೂ ಬರೆಯಿರಿ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಇಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. ಆಯ್ಕೆ ಸಮಿತಿ ಆರಿಸುವುದು ಪ್ರವಾಸದ ತಂಡವನ್ನು. ಮೈದಾನಕ್ಕಿಳಿಯುವ ಹನ್ನೊಂದು ಜನರನ್ನು ವಿದೇಶದಲ್ಲಿ ತೀರ್ಮಾನಿಸುವುದು ಅಲ್ಲಿರುವ ತಂಡದ ಆಡಳಿತ. ಜೂನ್ 6ರಂದು ಎಜ್‌ಬಾಸ್ಟನ್‌ನಲ್ಲಿ ಶುರುವಾದ ಮೊದಲ ಟೆಸ್ಟಿನಲ್ಲಿ ದ್ರಾವಿಡ್ ಇರಲಿಲ್ಲ, ಗಂಗೂಲಿ ಇರಲಿಲ್ಲ. ಅಲ್ಲಿ ಟೆಸ್ಟ್ ಟೋಪಿ ಪಡೆದವರು ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ವಿಕ್ರಮ್ ರಾಠೋಡ್ ಮತ್ತು ಪಾರಸ್ ಮಾಂಬ್ರೆ. ಭಾರತ ಎಂಟು ವಿಕೆಟ್‌ಗಳಿಂದ ಸೋತಿತು. ನವಜೋತ್ ಸಿಂಗ್ ಸಿಧು ಪ್ರವಾಸವನ್ನು ಅರ್ಧದಲ್ಲಿ ಬಿಟ್ಟು ಬಂದರು, ಸಂಜಯ್ ಮಂಜ್ರೇಕರ್ ಗಾಯಗೊಂಡರು. ಹೀಗೆ ತೆರವಾದ ಜಾಗಗಳಿಂದ ಜೂನ್ 20ರಂದು ಲಾರ್ಡ್ಸ್‌ನಲ್ಲಿ ಇಬ್ಬರಿಗೂ ಬಾಗಿಲು ತೆರೆಯಿತು. ಮೂರನೇ ಕ್ರಮಾಂಕದಲ್ಲಿ ಗಂಗೂಲಿ 131, ಏಳನೇ ಕ್ರಮಾಂಕದಲ್ಲಿ ದ್ರಾವಿಡ್ 95. ಮುಂದಿನ ಟ್ರೆಂಟ್‌ಬ್ರಿಜ್ ಟೆಸ್ಟಿನಲ್ಲಿ 136 ಮತ್ತು 84.

ಸಿಧು ಉಳಿದಿದ್ದರೆ, ಮಂಜ್ರೇಕರ್ ಅವರ ಕಾಲು ಸರಿಯಿದ್ದಿದ್ದರೆ ಆ ಇಬ್ಬರೂ ಬೇಸಿಗೆಯೆಲ್ಲ ಬೆಂಚಿನ ಮೇಲೆ ಕುಳಿತು ಮರಳಬಹುದಿತ್ತು, ಆಗ ಇದೇ ಸಮಿತಿಯ ಇದೇ ಆಯ್ಕೆಯನ್ನು ಯಾರೂ ನೆನೆಯುತ್ತಿರಲಿಲ್ಲ. ಆದ್ದರಿಂದ ಲಾರ್ಡ್ಸ್‌ನ ರನ್ನುಗಳಿಂದ ಆಯ್ಕೆಗಾರರನ್ನು ಅಳೆಯುವುದು ಅರ್ಧ ಸತ್ಯ. ಅಳೆಯಬೇಕಾದದ್ದು ಪಟ್ಟಿ ಬರೆದ ದಿನ ಅವರ ಮುಂದೆ ಏನಿತ್ತು ಎಂಬುದನ್ನು. ದ್ರಾವಿಡ್ ಅವರ ವಿಷಯದಲ್ಲಿ ಇದ್ದದ್ದು 1991ರ ಫೆಬ್ರವರಿಯಿಂದ ಐದು ವರ್ಷ ಕರ್ನಾಟಕಕ್ಕೆ ಆಡಿದ ಕ್ರಿಕೆಟ್, 1995-96ರಲ್ಲಿ ರಾಜ್ಯ ಗೆದ್ದ ರಣಜಿ ಟ್ರೋಫಿ. ಸಂಖ್ಯಾಶಾಸ್ತ್ರದಲ್ಲಿ ನಾವು ಮಕ್ಕಳಿಗೆ ಮೊದಲು ಹೇಳುವುದೂ ಇದನ್ನೇ: ತೀರ್ಮಾನ ಸರಿಯೇ ತಪ್ಪೇ ಎಂಬುದನ್ನು ಫಲಿತಾಂಶದಿಂದಲೇ ನಿರ್ಧರಿಸಬಾರದು.

ಸುನಿಲ್ ಜೋಶಿ ಅವರ ಹೆಸರನ್ನು ನಿಮ್ಮ ಮಕ್ಕಳಿಗೆ ಬೇರೆಯಾಗಿಯೇ ಹೇಳಿ. ಗದಗದ ಹುಡುಗ, ಅಭ್ಯಾಸಕ್ಕಾಗಿ ದಿನವೂ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದವರು. ವಿಶ್ವನಾಥ್ ಅವರ ಸಮಿತಿ 1996ರಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರುಗಳಲ್ಲಿ ಆರು ಮೇಡನ್, ಆರು ರನ್, ಐದು ವಿಕೆಟ್. 2020ರ ಮಾರ್ಚ್‌ನಲ್ಲಿ ಅವರೇ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ನಡುವೆ ಸೈಯದ್ ಕಿರ್ಮಾನಿ ಅವರೂ ಅದೇ ಕುರ್ಚಿಯಲ್ಲಿದ್ದರು. ರೋಜರ್ ಬಿನ್ನಿ ಅವರು ಸದಸ್ಯರಾಗಿದ್ದಾಗ ಮಗ ಸ್ಟುವರ್ಟ್ ಹೆಸರು ಚರ್ಚೆಗೆ ಬಂದರೆ ಸಭೆಯಿಂದ ಎದ್ದು ಹೊರಹೋಗುತ್ತಿದ್ದರು ಎಂದು ಪತ್ರಿಕೆಗಳಲ್ಲಿ ಓದಿದ್ದೇವೆ. ನಿಮ್ಮ ಟ್ರಯಲ್ಸ್‌ಗೆ ನಿಮ್ಮ ಸಮಿತಿಯವರ ಮಕ್ಕಳೋ ನೆಂಟರ ಮಕ್ಕಳೋ ಬರುವಂತಿದ್ದರೆ ಈ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ತುಂಗಾತೀರ, ತೀರ್ಥಹಳ್ಳಿ

ಸಾಗರದ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಆದರೂ ಒಂದು ಮಾತನ್ನು ಸೇರಿಸಬೇಕೆನಿಸಿತು. ಪಟ್ಟಿ ಬರೆದ ದಿನ ಮುಂದೆ ಏನಿತ್ತು ಎಂಬುದರ ಜೊತೆಗೆ, ಬರೆದವರ ಸ್ವಭಾವವೇನು ಎಂಬುದೂ ಲೆಕ್ಕಕ್ಕೆ ಬರಬೇಕು.

1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಖಗ್ರಾಸ ಸೂರ್ಯಗ್ರಹಣವಿದ್ದುದರಿಂದ ಎರಡನೇ ದಿನವನ್ನೇ ವಿಶ್ರಾಂತಿಯ ದಿನವಾಗಿ ಮಾಡಿದ್ದರು. ಆ ದಿನ ನಮ್ಮ ಮನೆಯಲ್ಲಿ ಬಾಗಿಲು ಹಾಕಿ ನೀರಿಗೆ ದರ್ಭೆ ಹಾಕಿಟ್ಟದ್ದು ನೆನಪಿದೆ. ವಿಶ್ವನಾಥ್ ನಾಯಕ. ಭಾರತ 242, ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಬಾಥಮ್ ಮತ್ತು ಬಾಬ್ ಟೇಲರ್ ಜೊತೆಯಾದರು. ವಿಕೆಟ್ ಹಿಂದೆ ಕ್ಯಾಚ್ ಎಂದು ಅಂಪೈರ್ ಬೆರಳೆತ್ತಿಯಾಗಿತ್ತು, ಟೇಲರ್ ಅನುಮಾನದಿಂದ ನಿಂತಿದ್ದರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಗುಲಿಲ್ಲ ಎಂದು ಖಾತ್ರಿಯಾಗಿತ್ತು, ಅವರು ಅಂಪೈರ್ ಬಳಿ ಹೋಗಿ ಮಾತಾಡಿ ಟೇಲರ್ ಅವರನ್ನು ವಾಪಸ್ ಕರೆಸಿದರು. ಆ ಜೊತೆಯಾಟ 171 ರನ್ನಿಗೆ ಬೆಳೆಯಿತು, ಬಾಥಮ್ 114 ಹೊಡೆದು 13 ವಿಕೆಟ್ ಪಡೆದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಅವರು ನಾಯಕರಾಗಿದ್ದ ಎರಡೇ ಟೆಸ್ಟ್‌ಗಳಲ್ಲಿ ಇದು ಎರಡನೆಯದು.

ಇಷ್ಟು ಮೃದುವಾದವರು ಆಯ್ಕೆಗಾರರಾಗಬಾರದು, ಇಲ್ಲವೆನ್ನಲು ಅವರಿಗೆ ಬರುವುದಿಲ್ಲ ಎಂದು ನನ್ನ ಸ್ನೇಹಿತರು ಆಗ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ತನ್ನ ತಂಡಕ್ಕೆ ನಷ್ಟವಾಗುವಾಗಲೂ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ಮೃದುತನವಲ್ಲ. ಮುಂದೆ 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅವರನ್ನು ಮ್ಯಾಚ್ ರೆಫ್ರಿಯಾಗಿ, ಅಂದರೆ ಆಟಗಾರರ ನಡತೆಯ ಬಗ್ಗೆ ತೀರ್ಪು ಕೊಡುವವರಾಗಿ, 15 ಟೆಸ್ಟ್ ಮತ್ತು 78 ಏಕದಿನ ಪಂದ್ಯಗಳಿಗೆ ಕೂರಿಸಿತು.

ನವುಲೆ, ಶಿವಮೊಗ್ಗ

ಹಿರಿಯರ ಮಾತು ನನಗೆ ನಾಟಿತು. ನಾನು ಆ ಹಾಳೆಯಲ್ಲಿ "ಬೌಲ್ಡ್" ಎಂದು ಬರೆದದ್ದು ಸುಳ್ಳಲ್ಲ, ಆದರೆ ಕಂಡದ್ದನ್ನೆಲ್ಲ ಬರೆಯಲಿಲ್ಲ.

ಮೇಷ್ಟ್ರೇ, 2024ರ ಜನವರಿಯಲ್ಲಿ ಇಲ್ಲೇ ನಮ್ಮ ನವುಲೆ ಮೈದಾನದಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿಯ ಫೈನಲ್ ನಡೆದದ್ದು ನಿಮಗೆ ಗೊತ್ತಿದೆ. ಮುಂಬಯಿ 380. ಕರ್ನಾಟಕದ ಪ್ರಖರ್ ಚತುರ್ವೇದಿ ಆರಂಭಿಕನಾಗಿ ಇಳಿದು 638 ಚೆಂಡು ಆಡಿ ಅಜೇಯ 404 ಹೊಡೆದ, ಆ ಟ್ರೋಫಿಯ ಫೈನಲ್‌ಗಳಲ್ಲಿ ಯುವರಾಜ್ ಸಿಂಗ್ ಅವರ ಹೆಸರಿನಲ್ಲಿದ್ದ 358ರ ದಾಖಲೆ ಅಳಿಯಿತು, ಕರ್ನಾಟಕ 8 ವಿಕೆಟ್‌ಗೆ 890 ಹೊಡೆದು ಮೊದಲ ಬಾರಿಗೆ ಆ ಟ್ರೋಫಿ ಗೆದ್ದಿತು. ನಾನು ಬೇಲಿಯ ಪಕ್ಕ ನಿಂತು ನೋಡಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೌಂಡರಿಗಳಲ್ಲ. ಮುನ್ನೂರು ದಾಟಿದ ಮೇಲೂ ಆ ಹುಡುಗ ಪ್ರತಿ ಓವರಿನ ನಡುವೆ ಕ್ರೀಸಿನ ಗುರುತನ್ನು ಮತ್ತೆ ಕಾಲಿನಿಂದ ತೀಡಿ, ಹೊಸದಾಗಿ ಬಂದವನಂತೆ ಗಾರ್ಡ್ ತೆಗೆದುಕೊಳ್ಳುತ್ತಿದ್ದ. 404 ಎಂಬ ಅಂಕಿಯನ್ನು ಯಾರೂ ತಪ್ಪಿಸಿಕೊಳ್ಳಲಾರರು, ಅದಕ್ಕೆ ಆಯ್ಕೆಗಾರರೇ ಬೇಕಿಲ್ಲ. ಗಾರ್ಡ್ ತೆಗೆದುಕೊಳ್ಳುವ ಆ ಕ್ರಮವನ್ನು ಹನ್ನೆರಡು ರನ್ನಿಗೆ ಔಟಾದ ಹುಡುಗನಲ್ಲಿಯೂ ಗುರುತಿಸುವುದೇ ನಿಮ್ಮ ಕೆಲಸ.

ಕೆಲವು ಸಲಹೆಗಳು. ನಮ್ಮ ಕಡೆ ಮಳೆಗಾಲ ಪೂರ್ತಿ ಹೋಗದೆ ಟ್ರಯಲ್ಸ್ ಇಡಬೇಡಿ, ದಸರೆ ಕಳೆಯಲಿ. ಬಯಲುಸೀಮೆಯ ಹುಡುಗರು ಆಗಸ್ಟ್‌ನಲ್ಲೇ ಮೈದಾನದಲ್ಲಿರುತ್ತಾರೆ, ನಮ್ಮವರು ಆ ಹೊತ್ತಿಗೆ ಹಾಲ್‌ನಲ್ಲೋ ಅಡಿಕೆ ಒಣಗಿಸುವ ಅಂಗಳದಲ್ಲೋ ಟೆನಿಸ್ ಚೆಂಡಿನಲ್ಲಿ ಆಡುತ್ತಿರುತ್ತಾರೆ. ಚರ್ಮದ ಚೆಂಡಿಗೆ ಕೈ ಕೂಡಿಸಿಕೊಳ್ಳಲು ಅವರಿಗೆ ಎರಡು ವಾರವಾದರೂ ಬೇಕು. ದೂರದ ಹಳ್ಳಿಗಳಿಂದ ಬರುವವರ ಸರದಿಯನ್ನು ಮಧ್ಯಾಹ್ನಕ್ಕೆ ಇಡಿ. ಮ್ಯಾಟಿಗೆ ಸುತ್ತಲೂ ಮೊಳೆ ಹೊಡೆದು ಬಿಗಿಮಾಡಿಸಿ. ಮೂವರೂ ಬೇರೆ ಬೇರೆ ಜಾಗದಲ್ಲಿ ಕುಳಿತು ನೋಡಿ, ಒಬ್ಬರು ವಿಕೆಟ್ ಹಿಂದೆ, ಒಬ್ಬರು ಪಾಯಿಂಟ್ ಕಡೆ. ಸಂಜೆಯವರೆಗೆ ಹಾಳೆಗಳನ್ನು ಒಬ್ಬರಿಗೊಬ್ಬರು ತೋರಿಸಬೇಡಿ.

ಹಳೇನಗರದ ಮೇಷ್ಟ್ರು, ಭದ್ರಾವತಿ

ಎಲ್ಲರಿಗೂ ಋಣಿಯಾಗಿದ್ದೇನೆ. ನೀವು ಬರೆದದ್ದನ್ನೆಲ್ಲ ಇಂದು ತರಗತಿಯಲ್ಲಿ ಓದಿದೆವು. ಪ್ರಶ್ನೆ ಕೇಳಿದ ಹುಡುಗಿ ಗೋಡೆಪತ್ರಿಕೆಯ ಒಂದು ಪುಟವನ್ನು ಎರಡು ಭಾಗ ಮಾಡಿದ್ದಾಳೆ: ಎಡಗಡೆ ಕಾನ್ಪುರದ 0 ಮತ್ತು 137, ಬಲಗಡೆ 1996ರ ಪ್ರವಾಸದ ತಂಡದಲ್ಲಿದ್ದವರ ಹೆಸರುಗಳು, ಎಜ್‌ಬಾಸ್ಟನ್‌ನಲ್ಲಿ ಆಡದೆ ಕುಳಿತವರನ್ನೂ ಸೇರಿಸಿ.

ನನ್ನ ಜೊತೆಯ ಇಬ್ಬರು ಆಯ್ಕೆಗಾರರೊಡನೆಯೂ ಮಾತಾಡಿದೆ. ಟ್ರಯಲ್ಸ್ ಎರಡು ದಿನ ನಡೆಯುತ್ತದೆ, ಮೊದಲ ದಿನ ಔಟಾದವರಿಗೆಲ್ಲ ಎರಡನೇ ದಿನ ಮತ್ತೆ ಬ್ಯಾಟ್ ಕೊಡುವುದೆಂದು ಒಪ್ಪಿದ್ದಾರೆ. ನನ್ನ ಅಕ್ಕನ ಮಗನೂ ಬರುವವನಿದ್ದಾನೆ. ಅವನ ಹೆಸರು ಬಂದಾಗ ನಾನು ಹೊರಗಿರುತ್ತೇನೆಂದು ಈಗಲೇ ಬರೆದುಕೊಟ್ಟಿದ್ದೇನೆ. ದಸರೆಯ ನಂತರದ ಮೊದಲ ಶನಿವಾರ ಮತ್ತು ಭಾನುವಾರ. ನವುಲೆಯವರು ಬಿಡುವು ಮಾಡಿಕೊಂಡು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಬರುವುದಾದರೆ ಮ್ಯಾಟ್ ಹಾಸುವಾಗ ನಿಮ್ಮ ಕೈಯೂ ಇರಲಿ ಎಂದು ನನ್ನ ಆಸೆ. ಮೊಳೆ, ಸುತ್ತಿಗೆ ಶಾಲೆಯಲ್ಲೇ ಇವೆ.